ಸಹಾಯ ಬೇಕು: ಜಿನ್ನಿಂಗ್ ಮಿಲ್‌ನಲ್ಲಿ ಬೆರಳು ಕಳೆದುಕೊಂಡ ತಮ್ಮನಿಗೆ ಪರಿಹಾರ

ಗುಂಪಿನ ಹಿರಿಯರಿಗೂ ವಕೀಲ ಮಿತ್ರರಿಗೂ ನಮಸ್ಕಾರ.

ಗದಗ ಸಮೀಪದ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಗುತ್ತಿಗೆದಾರನ ಮೂಲಕ ದುಡಿಯುತ್ತಿದ್ದ ನನ್ನ ತಮ್ಮನ ಬಲಗೈ 2024ರ ನವೆಂಬರ್‌ನಲ್ಲಿ ಯಂತ್ರಕ್ಕೆ ಸಿಲುಕಿ ಮೂರು ಬೆರಳುಗಳು ಹೋದವು. ಆಸ್ಪತ್ರೆಯ ಖರ್ಚಿನಲ್ಲಿ ಒಂದಿಷ್ಟು ಕೊಟ್ಟ ಗುತ್ತಿಗೆದಾರರು, ಅವನು ಇನ್ನೂ ಹಾಸಿಗೆಯಲ್ಲಿದ್ದಾಗಲೇ, 'ಮುಂದೆ ಏನನ್ನೂ ಕೇಳುವುದಿಲ್ಲ' ಎಂಬ ಬಾಂಡ್ ಪೇಪರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ಓದು ಬಾರದವನಿಂದ ಹೀಗೆ ಬರೆಸಿಕೊಂಡದ್ದು ಅನ್ಯಾಯವೆಂದೇ ನನ್ನ ಭಾವನೆ.

ಅಪಘಾತದ ವೇಳೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ 17ನೇ ಕಲಮಿನಂತೆ ಹಕ್ಕು ಬಿಟ್ಟುಕೊಡುವ ಇಂಥ ಕರಾರು ಅನೂರ್ಜಿತವೆಂದೂ, 12ನೇ ಕಲಮಿನಂತೆ ಗುತ್ತಿಗೆ ಕಾರ್ಮಿಕನ ಪರಿಹಾರಕ್ಕೆ ಮಿಲ್ಲಿನ ಮಾಲೀಕರೂ ಹೊಣೆಗಾರರೆಂದೂ, ಒಂದೇ ಕೈಯ ಮೂರು ಬೆರಳು ಹೋದರೆ ಗಳಿಕೆಯ ಸಾಮರ್ಥ್ಯ ಶೇ. 30ರಷ್ಟು ಕುಂದಿತೆಂದು ಅನುಸೂಚಿಯಲ್ಲಿದೆಯೆಂದೂ ಓದಿ ತಿಳಿದಿದ್ದೇನೆ. ಆದರೆ ಅವನು ಹಮಾಲಿ. ಬಲಗೈ ಹಿಡಿತವೇ ಇಲ್ಲದವನು ಚೀಲ ಎತ್ತುವುದು ಹೇಗೆ? ವೈದ್ಯರ ಪ್ರಮಾಣಪತ್ರದ ಆಧಾರದಲ್ಲಿ ಇದಕ್ಕಿಂತ ಹೆಚ್ಚಿನ ನಷ್ಟವನ್ನು ಪರಿಗಣಿಸಿದ ತೀರ್ಪುಗಳಿದ್ದರೆ ದಯವಿಟ್ಟು ತಿಳಿಸಿರಿ.

ಪಗಾರವನ್ನು ನಗದಾಗಿಯೇ ಕೊಡುತ್ತಿದ್ದರು. ಹಾಜರಿ ಪುಸ್ತಕ ಅವರ ಬಳಿಯೇ ಇದೆ. ಜೊತೆಗಿದ್ದ ಹಮಾಲರ ಸಾಕ್ಷಿ ಮತ್ತು ಆಸ್ಪತ್ರೆಯ ದಾಖಲೆಗಳಿಂದ ಉದ್ಯೋಗವನ್ನು ಸಾಬೀತುಪಡಿಸಲು ಸಾಧ್ಯವೇ? ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಕೊಟ್ಟಿರಲಿಲ್ಲ. ಆದರೂ ಮಿಲ್ಲು ಇಎಸ್‌ಐ ವ್ಯಾಪ್ತಿಗೆ ಒಳಪಟ್ಟಿದ್ದರೆ ಅಲ್ಲಿಯೇ ಕೇಳಬೇಕೇ, ಪರಿಹಾರ ಆಯುಕ್ತರಲ್ಲಿ ಅರ್ಜಿ ಹಾಕಬೇಕೇ?

ಆ ಕಾಯ್ದೆಯಂತೆ ಅಪಘಾತದಿಂದ ಎರಡು ವರ್ಷದೊಳಗೆ ಅರ್ಜಿ ಸಲ್ಲಬೇಕಾಗಿರುವುದರಿಂದ, ಗದಗ ಅಥವಾ ಹುಬ್ಬಳ್ಳಿಯಲ್ಲಿ ಇಂಥ ಪ್ರಕರಣ ನಡೆಸಿದ ವಕೀಲರು ತಿಳಿದಿದ್ದರೆ ಬೇಗನೆ ಸಂದೇಶ ಕಳುಹಿಸಬೇಕೆಂದು ಕೋರುತ್ತೇನೆ.