ಪಾಯಸ ಒಡೆದಿದ್ದಕ್ಕೆ ಬೆಲ್ಲದ ಬಣ್ಣ ಕಾರಣ ಅಲ್ಲ

ಚಿಕ್ಕಮ್ಮ, ಸ್ವಲ್ಪ ಉದ್ದ ಆಗುತ್ತೆ, ಕೆಲಸ ಮಾಡ್ತಾನೇ ಕೇಳಿಸ್ಕೊಳ್ಳಿ. ಅಕ್ಕಿ ಪಾಯಸ ಒಡೆದುಹೋಯ್ತು, ಬೆಲ್ಲ ಕಪ್ಪಗಿತ್ತು, ಕಲಬೆರಕೆ ಇರ್ಬೇಕು, ಇನ್ಮೇಲೆ ಹಳದಿ ಬೆಲ್ಲಾನೇ ತರೋದು ಅಂದ್ರಲ್ಲ. ಅನುಮಾನ ಪಡಬೇಕಾದ್ದು ಹಳದಿ ಬೆಲ್ಲದ ಮೇಲೆ.

ಹಾಲು ಒಡೆದಿದ್ದು ಬೆಲ್ಲದಲ್ಲಿರೋ ಹುಳಿಗೆ. ಕಬ್ಬಿನ ಹಾಲೇ ಒಂಚೂರು ಹುಳಿ, ಪಿಎಚ್ (ಹುಳಿ ಅಳೆಯೋ ಲೆಕ್ಕ, 7ಕ್ಕಿಂತ ಕಮ್ಮಿ ಇದ್ರೆ ಹುಳಿ) 5ರಿಂದ 5.5ರ ಒಳಗೆ. ಆಲೆಮನೇಲಿ ಕೊಪ್ಪರಿಗೆಗೆ ಸುಣ್ಣದ ತಿಳಿ ಬಿಡೋದು ಅದನ್ನ ಮುರಿಯೋಕೆ. ಸುಣ್ಣ ಕಮ್ಮಿ ಬಿದ್ರೆ ಹುಳಿ ಉಳಿದು ಅಚ್ಚಲ್ಲಿ ಬೆಲ್ಲ ಗಟ್ಟಿ ಕೂರಲ್ಲ, ಜಾಸ್ತಿ ಬಿದ್ರೆ ಕಪ್ಪಾಗುತ್ತೆ. ಕಡಿದ ಕಬ್ಬನ್ನ ಒಂದು ದಿನದೊಳಗೆ ಗಾಣಕ್ಕೆ ಕೊಡದೆ ಇಟ್ರೂ ಕೆಡುತ್ತೆ. ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತೆ, ಅವು ಗಾಳಿಯ ತೇವ ಎಳ್ಕೊಳ್ತವೆ. ಮಳೆಗಾಲದಲ್ಲಿ ಡಬ್ಬೀಲಿ ಬೆಲ್ಲ ಬೆವರೋದು ಹಂಗೇ.

ಇನ್ನು ಬಣ್ಣ. ಬೆಂಡೆ ಗಿಡದ ಕಾಂಡ ಜಜ್ಜಿ ನೀರಲ್ಲಿ ಕಿವುಚಿ ಲೋಳೆ ಬಿಟ್ರೆ ಕೊಳೆಯೆಲ್ಲ ಅದಕ್ಕೆ ಅಂಟಿ ಮೇಲೆ ಬರುತ್ತೆ, ಜಾಲರಿ ಸೌಟಲ್ಲಿ ತೆಗೀತಾ ಇರ್ಬೇಕು. ಅಷ್ಟು ಮಾಡಿದ್ರೂ ಬೆಲ್ಲ ಕಂದು ಬಣ್ಣಾನೇ. ಆದ್ರೆ ಮಾರ್ಕೆಟ್ಟಲ್ಲಿ ತಿಳಿ ಬಣ್ಣಕ್ಕೇ ರೇಟು, ಅದಕ್ಕೇ ಹೈಡ್ರೋಸ್ ಹಾಕ್ತಾರೆ. ಸೋಡಿಯಂ ಹೈಡ್ರೋಸಲ್ಫೈಟು ಅಂತ, ಬಟ್ಟೆಯ ಬಣ್ಣ ತೆಗೆಯೋಕೆ ಬಳಸೋ ಪುಡಿ. ಅದನ್ನ ಹಾಕಿದ್ರೆ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡು ಉಳಿಯುತ್ತೆ, ಅದು ಕೆಜಿಗೆ 70 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ಗುರುತು ಬೇಕಾ? ತಂದಾಗ ಬೆಳ್ಳಗಿದ್ದಿದ್ದು ಗಾಳಿ ತಾಗಿ ದಿನ ಕಳೆದಂಗೆ ಮೇಲ್ಮೈಯೆಲ್ಲ ಕಪ್ಪಾದ್ರೆ ಹೈಡ್ರೋಸ್ ಅಂತ ಅನುಮಾನ ಪಡಿ. ನಿಮ್ಮ ಅಚ್ಚು ಬೆಲ್ಲ ಬರೀ ಕಪ್ಪಗಿದೆ ಅಂತ ಎಸೀಬೇಡಿ.

ಮಾಡೋ ರೀತಿ ಹೇಳ್ತೀನಿ. ಒಂದು ಲೀಟರ್ ಹಾಲಿಗೆ 200 ಗ್ರಾಂ ಬೆಲ್ಲ, ಅರ್ಧ ಲೋಟ ನೀರು. ಬೆಲ್ಲ ಬೇರೆ ಪಾತ್ರೇಲಿ ಕರಗಿಸಿ, ಒಂದು ಕುದಿ ಬರಿಸಿ, ಬಟ್ಟೇಲಿ ಸೋಸಿ, ಪೂರ್ತಿ ಆರಕ್ಕೆ ಬಿಡಿ. ಅಕ್ಕಿ ಹಾಲಲ್ಲಿ ಕೈಲಿ ಹಿಸುಕಿದ್ರೆ ಮುದ್ದೆ ಆಗೋವಷ್ಟು ಬೇಯಬೇಕು, ಯಾಕಂದ್ರೆ ಬೆಲ್ಲ ಬಿದ್ಮೇಲೆ ಅಕ್ಕಿ ಬೇಯಲ್ಲ, ನುಚ್ಚುನುಚ್ಚಾಗಿ ಹಲ್ಲಿಗೆ ಸಿಗುತ್ತೆ. ಒಲೆ ಆರಿಸಿ, ಬೆರಳಿಟ್ರೆ ತಡೆಯೋ ಹಂಗೆ ಬೆಚ್ಚಗಾದ್ಮೇಲೆ ಬೆಲ್ಲದ ನೀರು ಸ್ವಲ್ಪ ಸ್ವಲ್ಪವೇ ಬಿಟ್ಟು ತಿರುವಿ. ಮತ್ತೆ ಒಲೆ ಮೇಲೆ ಇಡಬೇಡಿ, ಅಲ್ಲೇ ಎಲ್ಲರೂ ಎಡವೋದು. ಅದೇ ಹುಳಿ ತಣ್ಣನೆ ಹಾಲಲ್ಲಿ ಸುಮ್ನಿರುತ್ತೆ, ಕುದಿಯೋ ಹಾಲಲ್ಲಿ ಒಡೆಸುತ್ತೆ. ಚಿಟಿಕೆ ಅಡುಗೆ ಸೋಡ ಹಾಕಿದ್ರೆ ಒಡೆಯಲ್ಲ ನಿಜ, ಆದ್ರೆ ಪಾಯಸಕ್ಕೆ ಸೋಪಿನ ರುಚಿ ಬರುತ್ತೆ, ನನಗಂತೂ ಇಷ್ಟ ಇಲ್ಲ.

ಒಡೆದಿರೋದನ್ನ ಚೆಲ್ಲಬೇಡಿ. ಎರಡು ಚಮಚ ತುಪ್ಪ, ಏಲಕ್ಕಿ ಹಾಕಿ ತಳ ಬಿಡೋವರೆಗೂ ಇಂಗಿಸಿ, ತಟ್ಟೇಗೆ ಸುರಿದು ಕುಯ್ಯಿರಿ, ಮಕ್ಕಳು ತಿಂತಾರೆ.