ಒಂದೇ ಸ್ಕ್ರೂ ನಂಬ್ಕೊಂಡು ಕ್ಯಾಮೆರಾ ನೇತುಹಾಕಬೇಡ ಪುಟ್ಟಿ

ಪುಟ್ಟಿ, ನಮ್ಮನೆ ಗ್ರೂಪಲ್ಲಿ ನಿನ್ನ ಮೆಸೇಜು ಈಗ ನೋಡ್ದೆ. ಶನಿವಾರ ಬೆಟ್ಟ ಹತ್ತೋಕೆ ಹೋಗ್ತಿದೀವಿ, ಕ್ಯಾಮೆರಾ ಕುತ್ತಿಗೆಗೆ ಹಾಕ್ಕೊಂಡ್ರೆ ಅರ್ಧ ಗಂಟೆಗೇ ನೋವು ಶುರುವಾಗತ್ತೆ, ಅದಕ್ಕೆ ಹೆಗಲಿಂದ ಅಡ್ಡ ಹಾಕೋ ಪಟ್ಟಿ ತಗೊಂಡಿದೀನಿ, ಕ್ಯಾಮೆರಾ ತಳದ ಟ್ರೈಪಾಡ್ ತೂತಿಗೆ ಸ್ಕ್ರೂ ಹಾಕಿ ನೇತುಹಾಕೋದು, ಬೀಳಲ್ಲ ತಾನೇ ಅತ್ತೆ, ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ಕತ್ತಲಾಗತ್ತೆ, ಅದಕ್ಕೇ ಮಾತಾಡ್ತಾ ಇದೀನಿ. ಸ್ವಲ್ಪ ಉದ್ದ ಆಗತ್ತೆ, ಅರ್ಧಕ್ಕೆ ನಿಲ್ಲಿಸಬೇಡ.

ಬೀಳತ್ತೆ. ಒಂದೇ ಸ್ಕ್ರೂ ನಂಬ್ಕೊಂಡು ಕ್ಯಾಮೆರಾ ನೇತುಹಾಕಬೇಡ.

ನನ್ನ ದೊಡ್ಡ ಲೆನ್ಸ್ ಬಿದ್ದಿದ್ದು ನಮ್ಮನೇಲಿ ಯಾರಿಗೆ ಗೊತ್ತಿಲ್ಲ ಹೇಳು. ಆದ್ರೆ ಎಲ್ಲರಿಗೂ ಗೊತ್ತಿರೋದು ಅವಳು ಬೀಳಿಸ್ಕೊಂಡ್ಳು ಅನ್ನೋದಷ್ಟೇ. ಯಾಕೆ ಬಿತ್ತು ಅಂತ ಇವತ್ತಿನವರೆಗೂ ಒಬ್ರೂ ಕೇಳಿಲ್ಲ. ಅದು 70-200, ಎಫ್ 2.8, ದೂರದ್ದನ್ನ ಹತ್ರ ತೋರಿಸೋ ಜೂಮ್ ಲೆನ್ಸು. ಲೆನ್ಸ್ ಒಂದೇ ಒಂದೂವರೆ ಕಿಲೋ, ಕ್ಯಾಮೆರಾ ಬಾಡಿ ಸೇರಿದ್ರೆ ಎರಡೂವರೆ ಹತ್ರ. ನೀನು ತಗೊಂಡಿರೋ ಥರದ್ದೇ ಪಟ್ಟಿ. ಬೆಳಿಗ್ಗೆ ಕೈಯಲ್ಲೇ ಗಟ್ಟಿಯಾಗಿ ತಿರುಗಿಸಿ ಹೊರಟಿದ್ದೆ. ಮಧ್ಯಾಹ್ನದ ಹೊತ್ತಿಗೆ ನೋಡ್ತೀನಿ, ಕ್ಯಾಮೆರಾ ಎತ್ತಿ ಕಣ್ಣಿಗಿಡೋವಾಗ, ಪಟ್ಟಿಯನ್ನ ಸ್ಕ್ರೂಗೆ ಸೇರಿಸೋ ಕೊಂಡಿ ಹತ್ರ ಬಲು ಸಲೀಸಾಗಿ ತಿರುಗ್ತಾ ಇದೆ. ಹೊಸ ಪಟ್ಟಿ ಪಳಗ್ತಾ ಇದೆ ಅಂತ ಖುಷಿಪಟ್ಟೆ ನಾನು! ಪಳಗ್ತಾ ಇರಲಿಲ್ಲ, ಸ್ಕ್ರೂ ಬಿಚ್ಕೋತಾ ಇತ್ತು. ಮೆಟ್ಟಿಲು ಇಳೀತಿದ್ದೆ, ಇದ್ದಕ್ಕಿದ್ದಂಗೆ ಹೆಗಲು ಹಗುರ ಆಯ್ತು. ಸದ್ದು ಕೇಳಿಸಿದ್ದು ಆಮೇಲೆ. ಬಾಡಿಯಿಂದ ಮೌಂಟಿನ, ಅಂದ್ರೆ ಲೆನ್ಸು ಸಿಕ್ಕಿಸೋ ಜಾಗದ, ಲೋಹದ ಬಳೆ ಸಣ್ಣ ಸ್ಕ್ರೂಗಳ ಸಮೇತ ಕಿತ್ತು ಬಂದಿತ್ತು. ನನ್ನ ಹೆಗಲಲ್ಲಿ ಪಟ್ಟಿ, ಪಟ್ಟಿ ತುದೀಲಿ ಕೊಂಡಿ, ಕೊಂಡೀಲಿ ಆ ಸ್ಕ್ರೂ. ಒಂದು ಥ್ರೆಡ್ಡೂ ಹಾಳಾಗಿಲ್ಲ, ಹೊಸದರ ಹಾಗೆ ಹೊಳೀತಾ ಇದೆ.

ಅದು ಯಾಕೆ ಬಿಚ್ಚತ್ತೆ ಅನ್ನೋದನ್ನ ಸರಿಯಾಗಿ ತಿಳ್ಕೋ. ಕ್ಯಾಮೆರಾ ತಳದಲ್ಲಿರೋ ತೂತು ಕಾಲು ಇಂಚಿನದು, ಇಂಚಿಗೆ 20 ಥ್ರೆಡ್ಡು. ಅಂದ್ರೆ ಒಂದು ಪೂರ್ತಿ ಸುತ್ತಿಗೆ ಸ್ಕ್ರೂ ಸರಿಯೋದು 1.27 ಮಿಲಿಮೀಟರು. ಒಳಗೆ ಹೋಗಿ ಕೂತಿರೋದು ಸುಮಾರು ನಾಲ್ಕೂವರೆ ಮಿಲಿಮೀಟರು. ಲೆಕ್ಕ ಹಾಕು, ಮೂರೂವರೆ ಸುತ್ತು. ಮೂರೂವರೆ ಸುತ್ತು ಬಿಚ್ಕೊಂಡ್ರೆ ಕ್ಯಾಮೆರಾ ನೆಲದ ಮೇಲೆ. ನೀನು ನಡೆಯೋವಾಗ ಕ್ಯಾಮೆರಾ ಸೊಂಟದ ಹತ್ರ ಹಿಂದಕ್ಕೂ ಮುಂದಕ್ಕೂ ತೂಗಾಡ್ತಾ ಇರತ್ತೆ, ಹೆಜ್ಜೆಗೊಂದು ಸಲ ಸ್ಕ್ರೂನ ಒಂಚೂರು ಆ ಕಡೆ, ಒಂಚೂರು ಈ ಕಡೆ ತಿರುಚತ್ತೆ. ಸ್ಕ್ರೂ ಬಿಗಿಯಾಗೋ ಕಡೆ ತಿರುಗೋಕೆ ಜಾಸ್ತಿ ಬಲ ಬೇಕು, ಸಡಿಲಾಗೋ ಕಡೆಗೆ ಕಮ್ಮಿ ಸಾಕು. ಹಂಗಾಗಿ ಸಾವಿರಾರು ಹೆಜ್ಜೆ ಆದ್ಮೇಲೆ ಅದು ಹೋಗೋದು ಸಡಿಲದ ಕಡೆಗೇ. ಅದನ್ನ ತಡೆಯೋಕೇ ಸ್ಕ್ರೂಗೆ ರಬ್ಬರ್ ವಾಷರ್ ಕೊಟ್ಟಿರೋದು. ರಬ್ಬರು ಅದುಮಿಕೊಂಡು ಕೂತಿರೋವರೆಗೂ ಹಿಡಿತ ಇರತ್ತೆ. ವರ್ಷ ಕಳೆದು ಅದು ಗಟ್ಟಿಯಾಗಿ ಚಪ್ಪಟೆ ಆಯ್ತು ಅಂದ್ರೆ, ಇಲ್ಲಾ ಧೂಳು ಕೂತು ಜಾರೋಕೆ ಶುರುವಾಯ್ತು ಅಂದ್ರೆ, ಹಿಡಿತ ಹೋಯ್ತು. ಉಗುರಲ್ಲಿ ಒತ್ತಿ ನೋಡು, ಗುಳಿ ಬಿದ್ದು ಮತ್ತೆ ಮೇಲೆ ಬರಬೇಕು. ಬರಲಿಲ್ಲ ಅಂದ್ರೆ ಆ ವಾಷರ್ ಬಿಸಾಕು.

ಇನ್ನೊಂದು ಮೋಸ ಇದೆ. ಸ್ಕ್ರೂ ಉದ್ದ ಜಾಸ್ತಿ ಇದ್ರೆ ತುದಿ ಹೋಗಿ ತೂತಿನ ತಳಕ್ಕೆ ತಾಗತ್ತೆ. ಕೈಗೆ ಬಿಗಿ ಅನ್ನಿಸತ್ತೆ, ಆದ್ರೆ ವಾಷರ್ರು ಬಾಡಿಗೆ ಒತ್ತಿಕೊಂಡೇ ಇರಲ್ಲ, ಬೆರಳಲ್ಲಿ ತಳ್ಳಿದ್ರೆ ಗಿರ್‍ರನೆ ತಿರುಗತ್ತೆ. ಇನ್ನೂ ಬಿಗಿಮಾಡೋಣ ಅಂತ ಇಕ್ಕಳ ಹಾಕಿದ್ರೆ ಒಳಗಿನ ತಳವೇ ಒಡೆದು ಹೋಗತ್ತೆ. ಬಿಚ್ಕೋಬಾರದು ಅಂತ ಕೆಲವರು ಥ್ರೆಡ್ಡಿಗೆ ಅಂಟು ಹಾಕ್ತಾರೆ, ಅದನ್ನ ಕ್ಯಾಮೆರಾ ತೂತಿಗೆ ಹಾಕಲೇಬೇಡ. ಆ ಅಂಟು ತಾಗಿದ್ರೆ ಕೆಲವು ಪ್ಲಾಸ್ಟಿಕ್ಕು ಬಿರುಕು ಬಿಡತ್ತೆ.

ಎಲ್ಲರೂ ಕೇಳಿಸ್ಕೊಳ್ಳಿ, ಇನ್ನೊಂದು ಸಲ ಹೇಳ್ತೀನಿ, ಒಂದೇ ಸ್ಕ್ರೂ ನಂಬ್ಕೊಂಡು ಕ್ಯಾಮೆರಾ ನೇತುಹಾಕಬೇಡಿ. ಎಷ್ಟೇ ದುಬಾರಿ ಪಟ್ಟಿ ಇರಲಿ. ಸ್ಕ್ರೂ ಬಿಚ್ಕೊಂಡ್ರೂ ಕ್ಯಾಮೆರಾ ನೆಲಕ್ಕೆ ಹೋಗದ ಹಾಗೆ ಬೇರೆ ದಾರೀಲಿ ಇನ್ನೊಂದು ಹಿಡಿತ ಇರಬೇಕು. ಬಾಡಿ ಪಕ್ಕದಲ್ಲಿ ಪಟ್ಟಿ ಹಾಕೋಕೆ ಲೋಹದ ಕಿವಿ ಇದೆಯಲ್ಲ, ಅಲ್ಲಿಂದ ಒಂದು ಸಣ್ಣ ದಾರ, ತೆಳ್ಳಗಿದ್ರೂ ಗಟ್ಟಿ ದಾರ, ಹೆಗಲ ಪಟ್ಟಿಗೇ ಹೋಗಬೇಕು. ಕೊಂಡಿಗೆ ಕಟ್ಟಿದ್ರೆ ಪ್ರಯೋಜನ ಇಲ್ಲ, ಕೊಂಡಿಯೇ ಬಾಯಿ ಬಿಟ್ರೆ ಏನ್ಮಾಡ್ತೀಯ? ಹತ್ತು ಹದಿನೈದು ಸೆಂಟಿಮೀಟರ್ ಇದ್ರೆ ಸಾಕು. ಉದ್ದ ಬಿಟ್ರೆ ಬೀಳೋ ವೇಗ ಜಾಸ್ತಿ, ಕಿವಿಗೆ ಬೀಳೋ ಜಗ್ಗೂ ಜಾಸ್ತಿ.

ಹಾಗಾದ್ರೆ ಅತ್ತೆ, ನಿಮಗೆ ಇದೆಲ್ಲಾ ಆಗ ಗೊತ್ತಿರಲಿಲ್ವಾ ಅಂತ ಕೇಳ್ತೀಯ. ಗೊತ್ತಿತ್ತು! ನನ್ನ ಪಟ್ಟಿಗೆ ಆ ದಾರ ಇತ್ತು. ಅದಕ್ಕೆ ಹಿಂದಿನ ವಾರ ನಿಮ್ಮಪ್ಪ ನನ್ನ ಕ್ಯಾಮೆರಾ ಇಸ್ಕೊಂಡು ಹೋಗಿದ್ದ. ಗ್ರೂಪಲ್ಲೇ ಇದಾನಲ್ಲ, ಕೇಳಿಸ್ಕೊಳ್ಳಲಿ. ಅವನಿಗೆ ಆ ದಾರ ಅಡ್ಡ ಬರ್ತಿತ್ತಂತೆ, ಬಿಚ್ಚಿಟ್ಟ. ಬಿಚ್ಚಿಟ್ಟಿದ್ದು ತಪ್ಪಲ್ಲ, ಬಿಚ್ಚಿದೀನಿ ಅಂತ ಒಂದು ಮಾತು ಹೇಳಬೇಕೋ ಬೇಡವೋ? ನಾನೂ ನೋಡಲಿಲ್ಲ, ಅದು ನನ್ನ ತಪ್ಪೇ, ಒಪ್ಕೋತೀನಿ. ಆದ್ರೆ ಬಿದ್ದ ದಿನ ಮೊದಲು ಫೋನ್ ಮಾಡಿ "ಕುತ್ತಿಗೆಗೆ ಹಾಕ್ಕೊಂಡಿದ್ರೆ ಬೀಳ್ತಿತ್ತೇನೇ" ಅಂದವನೇ ಅವನು. ಎರಡು ವರ್ಷ ಆದ್ಮೇಲೆ ನೋಡ್ತೀನಿ, ನನ್ನ ದಾರ ಅವನ ಸ್ಕೂಟರ್ ಕೀಲಿ ಜತೆ ಜೋತಾಡ್ತಾ ಇದೆ. ಬ್ಯಾಗೂ ಹಂಗೇ. ಜಿಪ್ಪು ಪೂರ್ತಿ ಎಳೀದೆ ವಾಪಸ್ ಕೊಟ್ಟ, ನಾನು ಹಿಡಿ ಹಿಡಿದು ಎತ್ತಿದ್ದೇ ತಡ, ಮುಚ್ಚಳ ಜೋತುಬಿದ್ದು ಸಣ್ಣ ಲೆನ್ಸು ಉರುಳಿತು. ಪುಣ್ಯಕ್ಕೆ ಕೆಳಗೆ ಚಾಪೆ ಇತ್ತು. ಹೋಗ್ಲಿ ಬಿಡು, ಹೇಳಬಾರದು ಅಂತ ಇದ್ದೆ. ಆದ್ರೆ ಇದನ್ನ ಕಲ್ತುಕೋ, ಬ್ಯಾಗಿಂದ ಏನೇ ತೆಗೆದ್ರೂ ಕೈ ಹೊರಗೆ ಬಂದ ತಕ್ಷಣ ಜಿಪ್ಪು ಎಳಿ, ಆಮೇಲೆ ಫೋಟೋ. ಆಮೇಲೆ ಎಳೀತೀನಿ ಅಂತ ಬಿಟ್ಟಿರೋ ಜಿಪ್ಪೇ ಲೆನ್ಸು ಬೀಳಿಸೋದು. ಮೇಜಿನ ಮೇಲೆ ಕ್ಯಾಮೆರಾ ಇಟ್ಟಾಗ ಪಟ್ಟಿ ಅಂಚಿಂದ ಕೆಳಗೆ ಜೋತಾಡೋಕೆ ಬಿಡಬೇಡ. ಮಕ್ಕಳು ಎಳೀತಾರೆ, ಕುರ್ಚಿ ಕಾಲಿಗೆ ಸಿಕ್ಕತ್ತೆ.

ಅಯ್ಯೋ, ನೀನು ಕೇಳಿದ್ದು ಬೆಟ್ಟದ್ದು, ಕುತ್ತಿಗೆ ನೋವಿಂದು. ಮರೆತೇಬಿಟ್ಟಿದ್ದೆ ನೋಡು.

ಆ ಪಟ್ಟಿ ವಾಪಸ್ ಕೊಡೋದೇನೂ ಬೇಡ. ಅಡ್ಡ ಹಾಕೋದು ಒಳ್ಳೇದೇ, ಭಾರ ಕುತ್ತಿಗೆ ಬಿಟ್ಟು ಹೆಗಲಿಗೆ ಹೋಗತ್ತೆ. ಕುತ್ತಿಗೆ ಪಟ್ಟಿ ನೋಯಿಸೋದು ಯಾಕೆ ಅಂದ್ರೆ ಅಗಲ ಕಮ್ಮಿ ಇರೋ ಬಟ್ಟೆ ಮೇಲೆ ಕಿಲೋಗಟ್ಟಲೆ ಭಾರ ಮುಂದಕ್ಕೆ ಜಗ್ತಾ ಇರತ್ತೆ, ತಲೆ ಅದಕ್ಕೆ ಎದುರಾಗಿ ನಿಂತ್ಕೋಬೇಕು. ಸ್ಪಂಜಿನ ಥರ ಹಿಗ್ಗೋ ಪಟ್ಟಿ ಹಾಕಿದ್ರೆ ಮೆತ್ತಗೆ ಅನ್ನಿಸತ್ತೆ, ಆದ್ರೆ ಹೆಜ್ಜೆ ಹೆಜ್ಜೆಗೂ ಪುಟಿಯತ್ತೆ. ನೀನು ಎಡ ಹೆಗಲ ಮೇಲೆ ಹಾಕು, ಕ್ಯಾಮೆರಾ ಬಲ ಸೊಂಟಕ್ಕೆ ಬರಲಿ. ಕೈ ಸುಮ್ನೆ ಇಳಿಬಿಟ್ರೆ ಹಿಡಿ ಬೆರಳಿಗೆ ಸಿಗಬೇಕು, ಅಷ್ಟೇ ಉದ್ದ ಇಡು. ಅದಕ್ಕಿಂತ ಉದ್ದ ಬಿಟ್ರೆ ಕೂರೋವಾಗ ಕಲ್ಲಿಗೆ ತಾಗತ್ತೆ, ತೂಗಾಟವೂ ಜಾಸ್ತಿ. ಲೆನ್ಸು ಕೆಳಗೆ, ಸ್ವಲ್ಪ ಹಿಂದಕ್ಕೆ ಮುಖ ಮಾಡಿರಲಿ. ಲೆನ್ಸ್ ಮೂತಿಗೆ ಹುಡ್ ಹಾಕಿಯೇ ನಡಿ, ಬಂಡೆಗೆ ತಾಗಿದ್ರೆ ಮೊದಲು ಅದು ಏಟು ತಿನ್ನಲಿ. ಜೂಮಿನಲ್ಲಿ ಲಾಕ್ ಬಟನ್ ಇದ್ರೆ ಹಾಕಿರು, ಹಾಕ್ದಿದ್ರೆ ಲೆನ್ಸು ಕೆಳಮುಖವಾಗಿ ಜೋತಿರೋವಾಗ ತಾನಾಗೇ ಉದ್ದಕ್ಕೆ ಜಾರ್ಕೊಂಡು ಬರಬಹುದು.

ಇನ್ನು ಎಲ್ಲಿಗೆ ಸಿಕ್ಕಿಸೋದು. ನಿನ್ನ ಹತ್ರ ಇರೋದು ಸಣ್ಣ ಲೆನ್ಸು. ನನ್ನ ಮಾತು ಕೇಳೋದಾದ್ರೆ ತಳದ ತೂತು ಬಿಟ್ಟುಬಿಡು, ಪಕ್ಕದ ಎರಡು ಕಿವಿಗೂ ದಾರದ ಕುಣಿಕೆಯ ಬಿಲ್ಲೆ ಸಿಕ್ಕಿಸಿ ಪಟ್ಟಿ ಅದಕ್ಕೆ ಹಾಕು. ಎರಡು ಹಿಡಿತ ಆಯ್ತು, ತಿರುಚಾಟವೂ ಕಮ್ಮಿ. ಆ ಕುಣಿಕೆ ದಾರವೂ ಸವೆಯತ್ತೆ, ಮೇಲಿನ ಕಪ್ಪು ನೂಲು ಕಿತ್ತು ಒಳಗಿಂದ ಬೇರೆ ಬಣ್ಣ ಕಾಣಿಸಿದ್ರೆ ಅವತ್ತೇ ಬದಲಾಯಿಸು. ಕಿವೀಲಿ ಉಂಗುರ ಇದ್ರೆ ಅದರ ಬಾಯಿ ಪೂರ್ತಿ ಮುಚ್ಚಿದೆಯಾ ಅಂತ ಉಗುರು ಹಾಕಿ ನೋಡು. ದೊಡ್ಡ ಲೆನ್ಸು ಬಂದಾಗ ಲೆಕ್ಕ ಬೇರೆ. ಕಿಲೋ ದಾಟಿದ ಜೂಮ್ ಲೆನ್ಸಿಗೆ ಸಾಮಾನ್ಯವಾಗಿ ಸುತ್ತ ಕಾಲರ್ ಅಂತ ಒಂದು ಬಳೆ, ಅದಕ್ಕೆ ಸ್ಕ್ರೂ ಹಾಕೋ ಒಂದು ಕಾಲು ಇರತ್ತೆ, ಇದ್ರೆ ಭಾರ ಆ ಕಾಲಿಂದ ನೇತಾಡಬೇಕು. ಬಾಡಿ ಹಿಡಿದು ನೇತುಹಾಕಿದ್ರೆ ಲೆನ್ಸಿನ ಪೂರ್ತಿ ಭಾರ ಮೌಂಟಿನ ಮೇಲೆ ಬೀಳತ್ತೆ. ಸ್ಕ್ರೂನೇ ಹಾಕ್ತೀನಿ ಅಂದ್ರೆ, ದಾರ ಕಟ್ಟು, ಪ್ರತಿ ಸಲ ಕ್ಯಾಮೆರಾ ಎತ್ತೋವಾಗ ಹೆಬ್ಬೆರಳಲ್ಲಿ ಸ್ಕ್ರೂ ತಲೆ ಒತ್ತಿ ತಿರುಗಿಸಿ ನೋಡು. ಕೊಂಡಿ ತಿರುಗಬಹುದು, ಸ್ಕ್ರೂ ಅಲ್ಲಾಡಬಾರದು. ಕೊಂಡಿಗೆ ಬಾಯಿ ಮುಚ್ಚೋ ಲಾಕ್ ಇರಲೇಬೇಕು.

ಬೆಟ್ಟದಲ್ಲಿ ಬೆನ್ನಿಗೆ ಬ್ಯಾಗೂ ಇರತ್ತೆ. ಅಡ್ಡಪಟ್ಟಿ ಮೊದಲು ಹಾಕು, ಬ್ಯಾಗಿನ ಪಟ್ಟಿ ಅದರ ಮೇಲೆ ಬರಲಿ, ಆಗ ಅದು ಜಾರಲ್ಲ. ಆದ್ರೆ ಕಡಿದಾದ ಕಡೆ ಕೈ ಎರಡೂ ಬೇಕು, ಬಗ್ಗಿದ್ರೆ ಕ್ಯಾಮೆರಾ ಮುಂದಕ್ಕೆ ತೂಗಿ ಬಂಡೆಗೆ ಬಡಿಯತ್ತೆ, ಅಲ್ಲಿ ಬ್ಯಾಗಿನ ಒಳಗೆ ಹಾಕಿಬಿಡು. ಫೋಟೋಗಿಂತ ಕಾಲು ಮುಖ್ಯ. ಬ್ಯಾಗಿನ ಹೆಗಲಪಟ್ಟಿಗೆ ಕ್ಲಿಪ್ ಹಾಕಿ ಎದೆ ಹತ್ರ ಸಿಕ್ಕಿಸೋದೂ ಒಂದಿದೆ. ಸಣ್ಣ ಲೆನ್ಸಿಗೆ ಬಲು ಚೆಂದ, ತೂಗಾಟವೇ ಇಲ್ಲ. ಅದಕ್ಕೂ ತಳದಲ್ಲಿ ಪ್ಲೇಟ್, ಅದಕ್ಕೂ ಅದೇ ಕಾಲು ಇಂಚಿನ ಸ್ಕ್ರೂ, ಅದಕ್ಕೇ ಹೇಳೋದು, ಕುತ್ತಿಗೆ ಪಟ್ಟಿ ಸಡಿಲವಾಗಿ ಹಾಕಿಯೇ ಇರು. ಸಿಕ್ಕಿಸಿದಾಗ ಟಕ್ ಅಂತ ಕೇಳಬೇಕು, ಕೇಳಿದ್ಮೇಲೂ ಒಂದು ಸಲ ಮೇಲಕ್ಕೆ ಎಳೆದು ನೋಡಿಯೇ ಕೈ ಬಿಡು.

ಬ್ಯಾಗ್ ತುಂಬೋವಾಗ ಭಾರದ್ದು ಬೆನ್ನಿಗೆ ಅಂಟಿಕೊಂಡಿರಲಿ, ಬೆನ್ನಿನ ಮಧ್ಯದಲ್ಲಿ. ಹೊರಗಡೆ ಜೇಬಿಗೆ ಭಾರದ್ದು ಹಾಕಿದ್ರೆ ಹಿಂದಕ್ಕೆ ಎಳೆಯತ್ತೆ. ಸೊಂಟದ ಪಟ್ಟಿಯನ್ನ ಸೊಂಟದ ಮೂಳೆ ಮೇಲೆ ಮೊದಲು ಬಿಗಿದು ಆಮೇಲೆ ಹೆಗಲಿಂದು ಎಳಿ. ಉಲ್ಟಾ ಮಾಡಿದ್ರೆ ಭಾರವೆಲ್ಲ ಹೆಗಲಿಗೇ. ಮೇಲೆ ತಣ್ಣಗಿದ್ದು ಕೆಳಗೆ ಬಂದು ಬೆಚ್ಚಗಿನ ಕೋಣೆ ಸೇರಿದ್ರೆ ಬ್ಯಾಗ್ ತೆಗೀಬೇಡ, ಒಂದು ಗಂಟೆ ಮುಚ್ಚಿದ್ದಂಗೇ ಇರಲಿ. ತಣ್ಣಗಿನ ಗಾಜಿನ ಮೇಲೆ ಬಿಸಿ ಗಾಳಿ ಬಡಿದ್ರೆ ಹನಿ ಕೂರತ್ತೆ.

ಕೊನೇದು, ಪಟ್ಟಿಯ ಬಕಲ್. ಪಟ್ಟಿ ಕಿವಿಯಿಂದ ವಾಪಸ್ ಬಂದು ಬಕಲ್ಲಿನ ಎರಡು ತೂತಿನಲ್ಲೂ ಹೋಗಬೇಕು, ತುದಿ ಎರಡು ಪದರದ ಮಧ್ಯೆ ಒಳಗಡೆ ಸಿಕ್ಕಿಕೊಂಡಿರಬೇಕು. ಹೊರಗೆ ಜೋತಾಡ್ತಾ ಇದ್ರೆ ತಪ್ಪು ಹಾಕಿದೀಯ ಅಂತ ಅರ್ಥ. ತುದಿ ನಾಲ್ಕೈದು ಸೆಂಟಿಮೀಟರ್ ಉಳಿದಿರಲಿ, ನೈಲಾನು ಜಾರಬಹುದು. ಹೊರಡೋ ಹಿಂದಿನ ರಾತ್ರಿ ಹಾಸಿಗೆ ಮೇಲೆ ಕೂತ್ಕೋ, ಕ್ಯಾಮೆರಾನ ಹಾಸಿಗೆಯಿಂದ ಒಂದು ಗೇಣು ಮೇಲೆ ಹಿಡಿದು ಪಟ್ಟಿ ಹಿಡಿದು ನಾಲ್ಕು ಸಲ ಜಗ್ಗು. ಬಿದ್ರೆ ಅಲ್ಲೇ ಬೀಳಲಿ.

ಬಕಲ್ ಹಾಕಿ ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸು, ನೋಡಿ ಹೇಳ್ತೀನಿ. ದಾರಕ್ಕೆ ನಿಮ್ಮಪ್ಪನ್ನ ಮಾತ್ರ ಕೇಳಬೇಡ, ಸ್ಕೂಟರ್ ಕೀಲಿ ಜತೆ ಉಜ್ಜಿ ಉಜ್ಜಿ ಅದು ಯಾವತ್ತೋ ಸವೆದಿರತ್ತೆ. ಹೊಸದೇ ತಗೋ.