ಸಹಾಯ ಬೇಕು: ಆಂಟಿಬಯಾಟಿಕ್ ಆದ ಮೇಲೆ ಯಾವ ಪ್ರೋಬಯಾಟಿಕ್ ಕ್ಯಾಪ್ಸೂಲ್?

ಅಕ್ಕಂದಿರೇ, ಸಂಕೋಚ ಬಿಟ್ಟು ಕೇಳುತ್ತಿದ್ದೇನೆ. ಮೂತ್ರದ ಸೋಂಕಿಗೆ ಆಂಟಿಬಯಾಟಿಕ್ ತಗೊಂಡೆ, ಉರಿ ಹೋಯಿತು. ಆದರೆ ಅದರ ಬೆನ್ನಿಗೇ ಹೊಟ್ಟೆ ಕೆಟ್ಟಿತು, ಏನು ತಿಂದರೂ ಭೇದಿ, ಜೊತೆಗೆ ಕೆಳಗೆ ವಿಪರೀತ ತುರಿಕೆ, ಒಡೆದ ಹಾಲಿನಂಥ ಬಿಳಿ ಸ್ರಾವ. ಡಾಕ್ಟರ್ ನೋಡಿ ಫಂಗಸ್ ಎಂದರು, ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದೇ ಮಾತ್ರೆ ಕೊಟ್ಟರು. ತುರಿಕೆ ನಿಂತಿದೆ. ಹೊಟ್ಟೆ ಇನ್ನೂ ಸರಿಹೋಗಿಲ್ಲ. ಪ್ರೋಬಯಾಟಿಕ್, ಅಂದರೆ ಒಳ್ಳೆಯ ಸೂಕ್ಷ್ಮಜೀವಿಗಳಿರುವ ಕ್ಯಾಪ್ಸೂಲ್, ಬೇಕಾ ಎಂದರೆ "ಬೇಕಿದ್ರೆ ತಗೊಳ್ಳಿ" ಎಂದರು, ಅಷ್ಟೇ.

ಮೆಡಿಕಲ್ ಶಾಪಿನವರು ಕೊಟ್ಟ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂದಿದೆ. ಅದು ಒಂದು ಯೀಸ್ಟ್, ಭೇದಿಗೆ ಕೊಡುತ್ತಾರೆ. ಯೋನಿಯಲ್ಲಿ ಇರಬೇಕಾದ್ದು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಅಲ್ವಾ? ಅದು ಲ್ಯಾಕ್ಟಿಕ್ ಆಸಿಡ್ ತಯಾರಿಸಿ ಅಲ್ಲಿನ ಪಿಎಚ್ (ಹುಳಿಯ ಅಳತೆ) ಅನ್ನು 3.8ರಿಂದ 4.5ರ ಒಳಗೆ ಇಡುತ್ತದೆ, ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಇದಕ್ಕಾಗಿ ಲ್ಯಾಕ್ಟೋಬ್ಯಾಸಿಲಸ್‌ನ ರಾಮ್ನೋಸಸ್ ಜಿಆರ್-1, ರೂಟೆರಿ ಆರ್‌ಸಿ-14 ಎಂಬ ತಳಿಗಳನ್ನು ನುಂಗಲು ಕೊಟ್ಟು ಅಧ್ಯಯನ ಮಾಡಿದ್ದಾರೆ.

ಈ ತಳಿಗಳ ಹೆಸರೇ ಬರೆದಿರುವ ಕ್ಯಾಪ್ಸೂಲ್ ಬೆಂಗಳೂರಿನಲ್ಲಿ ಯಾರಿಗಾದರೂ ಸಿಕ್ಕಿದೆಯಾ? ಬರೀ "ಲ್ಯಾಕ್ಟೋಬ್ಯಾಸಿಲಸ್" ಎಂದಿರುವುದು ಸಾಕಾಗುತ್ತಾ? ಫ್ರಿಜ್ಜಿನಲ್ಲಿ ಇಡಬೇಕಾ? ನುಂಗುವ ಕ್ಯಾಪ್ಸೂಲನ್ನೇ ಒಳಗಿಟ್ಟುಕೋ ಎಂದು ಗೆಳತಿ ಹೇಳಿದಳು, ಅದಂತೂ ಮಾಡುವುದಿಲ್ಲ. ಒಳಗಿಡಲೆಂದೇ ಮಾಡಿದ್ದು ಬೇರೆ ಬರುತ್ತದಲ್ಲ, ಬಳಸಿದವರು ಹೇಳಿ.

ದಿನಾ ಮೊಸರು ತಿನ್ನುತ್ತೇನೆ. ಶುಗರ್ ಇಲ್ಲ, ಬಸುರಿಯಲ್ಲ. ಗುಂಪಿನಲ್ಲಿ ಹೆರಿಗೆ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ. ಇಲ್ಲಿ ಬರೆಯಲು ಮುಜುಗರವಾದರೆ ಇನ್‌ಬಾಕ್ಸ್ ಮಾಡಿ.